ಕೋಣೆಯ ಸದ್ದು

ಶೂಟಿಂಗ್ ಮುಗಿದ ಮೇಲೆ ಪ್ರತಿ ಕೋಣೆಯಲ್ಲೂ
ಒಂದು ನಿಮಿಷ ಬರೀ ಮೌನ ಹಿಡಿದಿಡಬೇಕು.
ಅದು ನನ್ನ ಕೆಲಸ.
ಖಾಲಿ ಕೋಣೆಗೂ ಒಂದು ದನಿಯಿರುತ್ತದೆ,
ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಬೋಳಾರದಲ್ಲಿ, ಮುಚ್ಚಿದ ಹಂಚಿನ ಕಾರ್ಖಾನೆಯ
ಗುಮಾಸ್ತರ ಬಿಡಾರ. ಮಾರ್ಚ್ ತಿಂಗಳ ಸೆಕೆ.
ಫ್ಯಾನು ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು
ಯಾರೂ ಅಲುಗಬೇಡಿ ಎಂದೆ.
ಪ್ರೇತದ ಪಾತ್ರದ ವಾರಿಜ ಚಾ ಲೋಟ ಹಿಡಿದಲ್ಲೇ ನಿಂತಳು,
ರಸ್ಕು ಅರ್ಧ ಅದ್ದಿ.
ನಿರ್ದೇಶಕ ಐವನ್ ಕಣ್ಣು ಮುಚ್ಚಿದ, ಇಗರ್ಜಿಯಲ್ಲಿ ನಿಂತವನ ಹಾಗೆ.
ಲೈಟಿನ ಸಂಜೀವಣ್ಣ ಏಣಿಯ ಮೇಲೆ,
ಬಟ್ಟೆ ಸುತ್ತಿದ ಕೈ ಬಿಸಿ ದೀಪದ ಮೇಲೆ ಹಾಗೇ.

ನಲವತ್ತೊಂದನೇ ಸೆಕೆಂಡಿಗೆ
ಅವರ ಹೊಟ್ಟೆ ಗುರ್ರೆಂದಿತು.
ಯಾರೂ ನಗಲಿಲ್ಲ. ನಾನು ಅಂಕಿ ನೋಡುತ್ತಿದ್ದೆ.

ಚಿತ್ರದಲ್ಲಿ ಹೆಚ್ಚೇನೂ ನಡೆಯುವುದಿಲ್ಲ.
ಸತ್ತವಳೊಬ್ಬಳು ತನ್ನ ಅಡುಗೆಮನೆಗೆ ಮರಳಿ
ಡಬ್ಬಿಗಳ ಜಾಗ ನೆನಪು ಮಾಡಿಕೊಳ್ಳುತ್ತಾಳೆ.
ಉಪ್ಪು ಸಿಗುತ್ತದೆ. ಮೆಂತೆ ಸಿಗುವುದಿಲ್ಲ.
ಹದಿನಾಲ್ಕು ನಿಮಿಷ ಮಾತೇ ಇಲ್ಲ;
ಅಷ್ಟುದ್ದಕ್ಕೂ ಆ ಒಂದು ನಿಮಿಷವನ್ನೇ
ಕತ್ತರಿಸಿ, ತಿರುವಿ, ಹೊಲಿದು ಹಾಸಬೇಕಿತ್ತು ನಾನು.

ಆಟಿ ತಿಂಗಳು. ಕಂಕನಾಡಿಯ ಬಾಡಿಗೆ ರೂಮು.
ಹೆಡ್‌ಫೋನು ಹಾಕಿದರೆ ಹೊರಗಿನ ಮಳೆಯಿಲ್ಲ,
ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಇಲ್ಲ.
ವಾರಕ್ಕೊಮ್ಮೆ ನೀರಿನ ಕ್ಯಾನಿನ ಹುಡುಗ,
ಅವನ ಜೊತೆಗೂ ಕೈಸನ್ನೆ ಸಾಕಾಗುತ್ತಿತ್ತು.
ಸಂಜೀವಣ್ಣ ಮೇ ತಿಂಗಳಲ್ಲೇ ಹೋಗಿಬಿಟ್ಟಿದ್ದರು.

ಆ ಗುರ್ರ್ ತೆಗೆದುಬಿಡು ಅಂತ ಐವನ್ ಫೋನು ಮಾಡಿದ.
ತೆಗೆಯುತ್ತೇನೆ ಎಂದೆ.

ನಮ್ಮಲ್ಲಿ ಈ ತಿಂಗಳು ಕುಲೆಗಳಿಗೆ ಬಡಿಸುತ್ತಾರೆ.
ಎಲೆ ಹಾಕಿ, ಹೆಸರು ಹಿಡಿದು ಕರೆದು,
ಬಾಗಿಲು ಓರೆ ಮಾಡಿ ಹೊರಗೆ ನಿಲ್ಲುತ್ತಾರೆ.
ಒಳಗೆ ಉಣ್ಣುವ ಸದ್ದು ಕೇಳಿದವರಿಲ್ಲ.
ನನಗೆ ಕೇಳಿದ್ದು ಹಸಿವು,
ಬೇಕೆಂದಾಗ, ಎಷ್ಟು ಸಲ ಬೇಕಾದರೂ.

ಉಡುಪಿಯಲ್ಲಿ ಮೊದಲ ಪ್ರದರ್ಶನ. ಕಾಲೇಜಿನ ಸಣ್ಣ ಹಾಲ್,
ಇಪ್ಪತ್ತಮೂರು ಜನ, ಇಬ್ಬರು ನಡುವೆಯೇ ಎದ್ದು ಹೋದರು.
ಪರದೆಯ ಮೇಲೆ ವಾರಿಜ ಕಿಟಕಿಗೆ ಬೆನ್ನು ಮಾಡಿದಾಗ
ಗುರ್ರ್.
ಐವನ್ ತಿರುಗಿ ನನ್ನನ್ನು ನೋಡಿದ.
ಮೂರನೇ ಸಾಲಿನಲ್ಲಿ ಯಾರೋ ನಕ್ಕರು,
ಫಕ್ಕನೆ, ಆಮೇಲೆ ಸೆರಗು ಬಾಯಿಗೆ.

ಹೊರಗೆ ರಾಶಿಯಲ್ಲಿ ಕೊಡೆ ಹುಡುಕುತ್ತಾ ಸಿಕ್ಕರು,
ಸಂಜೀವಣ್ಣನ ಜಲಜಕ್ಕ.
ಪಿಚ್ಚರ್ ನನಗೆ ಅರ್ಥ ಆಗಲಿಲ್ಲ ಮಾರಾಯ್ರೆ, ಎಂದರು.
ಕೊಡೆ ಸಿಕ್ಕಿತು, ಬಿಡಿಸಿದರು.
ಅವತ್ತು ಮಾಡಿದ ಪುಂಡಿ ಹಾಗೇ ಉಳಿದಿತ್ತು.