ತವರದ ಲೋಟ

ಸ್ವಾನ್ ನದಿಯ ವಸಾಹತು, ಪಶ್ಚಿಮ ಆಸ್ಟ್ರೇಲಿಯಾ, 1831

ಮೊದಲು ಇಳಿದದ್ದು ಪಿಯಾನೊ.
ಆಮೇಲೆ ಬೇಟೆನಾಯಿಗಳು, ಆಮೇಲೊಂದು ಸಾರೋಟು,
ರಸ್ತೆಯೇ ಇಲ್ಲದ ನೆಲಕ್ಕೆ.
ಆಮೇಲೆ ನಾವು, ಮೊಣಕಾಲುದ್ದ ನೀರಲ್ಲಿ
ಲಂಗ ಎತ್ತಿ ಹಿಡಿದು,
ನಾಚಿಕೆಯನ್ನು ಹಡಗಿನಲ್ಲೇ ಬಿಟ್ಟು.

ಜೂನ್ ತಿಂಗಳು. ಮೂಳೆ ಕೊರೆಯುವ ಚಳಿ.
ಹಂಸಗಳು ಕಪ್ಪು. ಮರಗಳು
ಎಲೆ ಉಳಿಸಿಕೊಂಡು ತೊಗಟೆ ಕಳಚುತ್ತವೆ.
ಮಿಸೆಸ್ ಆಲ್ಡರ್ಟನ್ ಮರಳ ದಿಬ್ಬದ ಮೇಲೆ
ಪಿಯಾನೊಗೆ ಹಾಯಿಬಟ್ಟೆ ಹೊದಿಸಿ
ತಾನು ಮಳೆಯಲ್ಲಿ ನೆನೆದಳು.

ನಾನು ಥಾಮ್ಸಿನ್. ಕಾರ್ನ್‌ವಾಲಿನವಳು.
ನನ್ನ ತವರು ತವರದ ಗಣಿಗಳ ಊರು.
ಅಪ್ಪ ನೆಲದಡಿಗೆ, ಅಣ್ಣ ಅವನಿಗಿಂತ ಆಳಕ್ಕೆ;
ಒಬ್ಬ ಮೇಲೆ ಬಂದ, ಒಬ್ಬ ಬರಲಿಲ್ಲ.
ಹೊರಡುವಾಗ ಅಮ್ಮ ಕೊಟ್ಟದ್ದು ಈ ಲೋಟ.
ಇದರಲ್ಲಿ ಕುಡಿದರೆ ಎಲ್ಲಿಯ ನೀರೂ ನಮ್ಮೂರಿನದೇ ಅಂದಳು.
ಅಮ್ಮಂದಿರು ಹಾಗೇ ಹೇಳುವುದು.

ಗಂಡ ಡಿಗರಿ, ಮೋಜಣಿದಾರನ ಕೈಕೆಳಗೆ ಸರಪಳಿ ಎಳೆಯುವವ.
ನೂರು ಕೊಂಡಿ, ಅರವತ್ತಾರು ಅಡಿ.
ಎಳೆ, ಬಿಗಿ, ಗೂಟ ಹೊಡೆ, ಕೂಗು.
ಎಳೆ, ಬಿಗಿ, ಗೂಟ ಹೊಡೆ.
ರಾತ್ರಿ ಗುಡಾರದಲ್ಲಿ, ನಿದ್ದೆಯಲ್ಲೂ
ನನ್ನ ಬೆನ್ನ ಮೇಲೆ ಅವನ ಬೆರಳು ಎಣಿಸುತ್ತಿತ್ತು.
ನಮಗೂ ಇನ್ನೂರು ಎಕರೆ ಬರುತ್ತದೆ ಅನ್ನುತ್ತಿದ್ದ.
ಬಂತು. ಕಾಗದದಲ್ಲಿ ಹಸಿರು.
ಕಾಲಿಟ್ಟರೆ ಹಿಟ್ಟಿನಂಥ ಬಿಳಿ ಮರಳು.
ಬಿತ್ತಿದ ಗೋಧಿ ಗೇಣುದ್ದ ಎದ್ದು
ಕ್ಷಮೆ ಕೇಳುವಂತೆ ಬಾಗಿತು.

ಬಾವಿ ತೋಡಿದೆವು. ಉಪ್ಪು.
ಹತ್ತು ಮಾರು ಆಚೆ ತೋಡಿದೆವು. ಉಪ್ಪು.
ಪಾಸ್ಕೋ ಹುಟ್ಟಿ ಇಪ್ಪತ್ತು ದಿನ;
ನನ್ನೆದೆಯ ಹಾಲು ಬತ್ತುತ್ತ ಬಂದಿತ್ತು.

ಆಗ ಬಂದಳು ಆ ಮುದುಕಿ,
ಹೆಗಲ ಮೇಲೆ ಕಾಂಗರೂ ತೊಗಲು, ಕೈಯಲ್ಲಿ ಅಗೆಯುವ ಕೋಲು.
ನನ್ನನ್ನು ನೋಡಲಿಲ್ಲ. ಮಗುವಿನ ತುಟಿ ನೋಡಿದಳು.
ಬಲ್ಗಾ ಗಿಡಗಳ ನಡುವೆ ಕೂತು
ಕೋಲಿನಿಂದ ಎರಡೇ ಗೀರು, ಬೊಗಸೆಯಿಂದ ಮರಳು ಸರಿಸಿ,
ಕಾದಳು.
ಅವಸರವಿಲ್ಲ. ನೀರು ತಾನಾಗಿ ಬರಬೇಕು
ಕರೆದವರ ಗುರುತು ಹಿಡಿದು.
ಮೊದಲು ಒದ್ದೆ, ಆಮೇಲೆ ಹೊಳಪು,
ಆಮೇಲೆ ಬೊಗಸೆ ತುಂಬ.
ಅಷ್ಟೊಂದು ಉಪ್ಪಿನ ನಡುವಿನಿಂದ
ಸಿಹಿಯೊಂದನ್ನೇ ಬೇರ್ಪಡಿಸಿ ಕೊಟ್ಟಿತ್ತು ಆ ಕಪ್ಪು ಕೈ.
'ಕೆಪ್' ಅಂದಳು.
'ಕೆಪ್' ಅಂದೆ ನಾನೂ.
ನಕ್ಕಳು, ನನ್ನ ಉಚ್ಚಾರಕ್ಕೆ.

ಮರುವರ್ಷ ಡಿಗರಿ ಬೇಲಿ ಹಾಕಿದ.
ಊರಾದ ಮೇಲೆ ಬೇಲಿ ಬೇಡವೆ?
ಮೂವತ್ತೊಂಬತ್ತನೆಯ ಗೂಟ
ಆ ನೀರಿನಿಂದ ಹನ್ನೆರಡು ಹೆಜ್ಜೆ ಆಚೆಗೆ.
ಗೂಟ ಹಿಡಿದವಳು ನಾನು. ಹೊಡೆದವನು ಅವನು.
ಇದನ್ನು ಬಿಟ್ಟೂ ಹೇಳಬಹುದಿತ್ತು.

ಉರಿಬಿಸಿಲಿನ ಡಿಸೆಂಬರ್, ಕ್ರಿಸ್ಮಸ್ಸಿಗೆ ಮೂರು ದಿನ.
ಬೇಲಿಯಾಚೆ ಅವಳು, ಸೊಸೆಯೊ ಮಗಳೊ ಇನ್ನೊಬ್ಬಳು,
ಒಂದು ಕೂಸು, ನಮ್ಮ ಪಾಸ್ಕೋನದೇ ವಯಸ್ಸು.
ಡಿಗರಿ ಬಂದೂಕು ಎತ್ತಲಿಲ್ಲ.
ಬಾಗಿಲಿಗೆ ಒರಗಿಸಿ ಇಟ್ಟ,
ಕಾಣುವ ಹಾಗೆ.
ನಾನು ಓಡಿಹೋಗಿ ಲೋಟ ತುಂಬಿ
ಬೇಲಿಯ ಮೇಲಿಂದ ಚಾಚಿದೆ
ಅವಳ ನೀರನ್ನೇ ಅವಳಿಗೆ, ದಾನದ ಹಾಗೆ.
'ಕೆಪ್' ಅಂದೆ. ಈಗ ಉಚ್ಚಾರ ಸರಿಯಿತ್ತು.

ಈ ಸಲ ನಗಲಿಲ್ಲ.
ಕೂಸಿಗೆ ಕುಡಿಸಿದಳು. ಉಳಿದದ್ದನ್ನು ತಾನು ಕುಡಿಯದೆ
ಗೂಟದ ಬುಡಕ್ಕೆ ಸುರಿದಳು, ನಿಧಾನವಾಗಿ,
ಕೊನೆಯ ಹನಿ ಬೀಳುವ ತನಕ.
ಲೋಟವನ್ನು ಬೇಲಿಯ ಮೇಲೆ ಬೋರಲು ಹಾಕಿ
ಹೋದಳು.

ಪಿಯಾನೊದಲ್ಲಿ ಈಗ ಕೋಳಿ ಕಾವು ಕೂರುತ್ತದೆ.
ಮಿಸೆಸ್ ಆಲ್ಡರ್ಟನ್ ವಾಪಸು ಹೋದಳಂತೆ.
ಲೋಟ ನನ್ನ ಬಳಿಯೇ ಇದೆ, ಕುಡಿಯುತ್ತೇನೆ,
ನೀರಿಗೆ ನಮ್ಮೂರಿನ ರುಚಿ ಒಮ್ಮೆಯೂ ಬಂದಿಲ್ಲ.

ಆ ಗೂಟದ ಬುಡದಲ್ಲಿ ಮಾತ್ರ
ನಾಲ್ಕು ಎಸಳು ಹುಲ್ಲು ಬಂದಿದೆ.
ಡಿಗರಿ ಅದನ್ನು ತೋರಿಸುತ್ತಾನೆ, ಬಂದವರಿಗೆಲ್ಲ:
ನೋಡಿ, ಮಣ್ಣು ಒಳ್ಳೆಯದೇ.