ನೆಗ್ಗು

ಬೇಡ, ಫ್ಲೂರಿನ್. ಆ ಉಜ್ಜುಕಾಗದ ಕೆಳಗಿಡು.
ಗಾಬರಿಬಿದ್ದ ಕೈಗೆ ಮೊದಲು ಸಿಗುವುದೇ ಅದು.
ಕ್ಲಾಂಪು ಬಿದ್ದ ಸದ್ದು ನನಗೂ ಕೇಳಿಸಿತು,
ಕೆಳಗಿನ ಬೇಕರಿಯವರಿಗೂ ಕೇಳಿಸಿರಬೇಕು.
ಕಪಾಟು ಬೆಳಗಾದರೆ ಹೆರಿಸಾವಿಗೆ ಹೋಗಬೇಕು,
ಫ್ರೌ ಆಂಡೆರೆಗ್ ಹಣ ಪೂರ್ತಿ ಕೊಟ್ಟಾಗಿದೆ,
ಎಲ್ಲ ಗೊತ್ತು. ದೀಪ ತಾ.
ಮೇಲಿನದಲ್ಲ, ಕೈದೀಪ. ಮಲಗಿಸಿ ಹಿಡಿ,
ಸಂಜೆ ಬಿಸಿಲು ಹಿಮದ ಮೇಲೆ ಹರಿಯುವ ಹಾಗೆ, ಓರೆಯಾಗಿ.
ನೇರ ಬೆಳಕು ಎಲ್ಲರನ್ನೂ ಕ್ಷಮಿಸಿಬಿಡುತ್ತದೆ.

ಉಗುರು ಆಡಿಸು.
ಅಂಚು ತಡೆಯುತ್ತದೆಯೋ?
ಇಲ್ಲ. ಜಾರಿ ಇಳಿದು ಜಾರಿ ಮೇಲೆ ಬರುತ್ತದೆ
ಬಟ್ಟಲಲ್ಲಿ ಬೆರಳಾಡಿಸಿದಂತೆ.
ಹಾಗಾದರೆ ಇದು ನೆಗ್ಗು, ಗಾಯವಲ್ಲ.
ಇಲ್ಲಿಂದ ಏನೂ ಹೋಗಿಲ್ಲ.
ಇದ್ದದ್ದೆಲ್ಲ ಇದೆ, ಕುಗ್ಗಿ ಕೂತಿದೆ ಅಷ್ಟೆ,
ಬಸ್ಸಿನಲ್ಲಿ ದಪ್ಪ ಗಂಡಸಿನ ಪಕ್ಕ ಸೀಟು ಸಿಕ್ಕವಳ ಹಾಗೆ.

ಸೂಜಿ. ಎಲ್ಲಕ್ಕಿಂತ ಸಣ್ಣದು.
ಮೆರುಗಿನ ಪೊರೆಗೆ ನಾಲ್ಕು ಚುಚ್ಚು, ನಾರಿನ ಗುಂಟ,
ನೀರಿಗೂ ಒಳಹೋಗಲು ಬಾಗಿಲು ಬೇಕು.
ಒಂದು ಹನಿ. ಕಾಯಬೇಕು.
ಈಗ ಒದ್ದೆ ಬಟ್ಟೆ, ನಾಲ್ಕು ಮಡಿಕೆ,
ಮೇಲೆ ನನ್ನಮ್ಮನ ಇಸ್ತ್ರಿಪೆಟ್ಟಿಗೆಯ ಮೂತಿ ಮಾತ್ರ,
ಎರಡು ಉಸಿರು. ಎತ್ತು.
ಕಡಿದು ನೂರೆಪ್ಪತ್ತು ವರ್ಷವಾದರೂ
ನಾರಿಗೆ ಬಾಯಾರಿಕೆ ಹೋಗಿಲ್ಲ, ನೋಡು,
ಮೂರನೆಯ ಸಲಕ್ಕೆ ನೆರಳು ತೆಳ್ಳಗಾಯಿತು.
ಬಿಳಿ ಮಂಜು ಕೂತಿತೆಂದು ಹೆದರಬೇಡ,
ಅರಗಿಗೆ ತೇವ ಆಗದು.
ಸ್ಪಿರಿಟ್ಟಲ್ಲಿ ಅದ್ದಿ ಹಿಂಡಿದ ಉಂಡೆ
ಹಾರುತ್ತ ಬಂದು, ತಾಗಿ, ಹಾರುತ್ತಲೇ ಹೋಗಲಿ.
ನಿಂತೆಯೋ, ಕೆಟ್ಟೆ.

ಆರಲಿ ಅದು. ಕಾಫಿ ಹಾಕು.

ಹನ್ನೊಂದು ವರ್ಷದ ಹಿಂದೆ, ಟ್ರೋಗನ್‌ನಲ್ಲಿ,
ಎಗ್ಗೆನ್‌ಬರ್ಗರ್ ಮನೆಯ ಊಟದ ಮೇಜು. ಇದೇ ಚೆರ್ರಿ.
ಸಾಗಿಸುವವರು ಪಿಯಾನೋದ ಮೂಲೆ ತಾಗಿಸಿ
ಹೆಬ್ಬೆರಳುದ್ದ ಕಿತ್ತಿದ್ದರು. ಚಕ್ಕೆ ಸಿಗಲಿಲ್ಲ,
ಯಾರದೋ ಬೂಟಿನಡಿ ಬೀದಿಗೆ ಹೋಗಿತ್ತು.
ಇಲ್ಲದ್ದನ್ನು ಹಬೆ ಎಲ್ಲಿಂದ ಎಬ್ಬಿಸೀತು?
ಅರಗಿನ ಕಡ್ಡಿ ಕರಗಿಸಿ ತುಂಬಿದೆ,
ಕೂದಲೆಳೆ ಕುಂಚದಲ್ಲಿ ಗೆರೆಗೆ ಗೆರೆ ಕೂಡಿಸಿದೆ,
ಸೊಕ್ಕಿಗೆಂದು ಸಣ್ಣದೊಂದು ಗಂಟನ್ನೂ ಬರೆದೆ.
ಯಜಮಾನಿ ಕನ್ನಡಕ ಹಾಕಿ ಹುಡುಕಿದಳು, ತೆಗೆದು ಹುಡುಕಿದಳು,
ಸಿಗಲಿಲ್ಲ. ಆ ವಾರವೆಲ್ಲ ನಾನು
ಶಿಳ್ಳೆ ಹಾಕುತ್ತ ಕೆಲಸ ಮಾಡಿದೆ.

ಕಳೆದ ಅಕ್ಟೋಬರಿನಲ್ಲಿ ಅವರ ಮಗಳ ಮದುವೆ. ಅದೇ ಮೇಜು.
ಅದೇ ಯಜಮಾನಿ, ನೆಂಟರೆದುರು ನನ್ನ ಭುಜ ಹಿಡಿದು:
'ಎಲ್ಲಿತ್ತು ಹೇಳಿ ನೋಡೋಣ! ರೆಗುಲಾಗೇ ಸಿಗುವುದಿಲ್ಲ!'

ಫ್ಲೂರಿನ್, ಅದು ಬಾಗಿಲಿನಿಂದಲೇ ಕಾಣುತ್ತಿತ್ತು.
ಚೆರ್ರಿ ಸುಮ್ಮನೆ ಕೂರುವ ಮರವಲ್ಲ.
ಕಿಟಕಿಯ ಬೆಳಕು ಕುಡಿದು ಕುಡಿದು
ಜೇನಿನ ಬಣ್ಣ ಹೋಗಿ ಇಟ್ಟಿಗೆಗೆ ತಿರುಗಿತ್ತು.
ನನ್ನ ತೇಪೆ ಮಾತ್ರ ಇನ್ನೂ
ಹನ್ನೊಂದು ವರ್ಷದ ಹಿಂದಿನ ಒಂದು ಮಂಗಳವಾರದಲ್ಲೇ ಇತ್ತು,
ಆ ದಿನದ ಬಣ್ಣಕ್ಕೆ ಎಳ್ಳಷ್ಟೂ ತಪ್ಪದೆ.

ಎಲ್ಲರೂ ನೋಡಿದರು, ಎಲ್ಲರಿಗೂ ಕಂಡಿತು.
ದಿನಾ ಒರೆಸುವವಳಿಗೆ ಮಾತ್ರ ಕಂಡಿಲ್ಲ.
ಮದುಮಗ ಬಾಯಿ ತೆರೆದ.
ಮದುಮಗಳು ಬ್ರೆಡ್ಡಿನ ಬುಟ್ಟಿಯನ್ನು
ಮೆಲ್ಲಗೆ ಸರಿಸಿ ಅದರ ಮೇಲಿಟ್ಟಳು.
ನಾನು ಇನ್ನೊಂದು ತುದಿಯನ್ನು ಸವರುತ್ತ
'ಇಲ್ಲೇ ಎಲ್ಲೋ ಇರಬೇಕು' ಅಂದೆ.
ಚಪ್ಪಾಳೆ.

ಅದಕ್ಕೇ ಕಾಗದ ಕೆಳಗಿಡು ಅಂದದ್ದು.
ಉಜ್ಜಿದರೆ ಸುತ್ತಲ ಮರ ಹೋಗುತ್ತದೆ,
ನೆಗ್ಗು ಹೋಗಿ ಗಾಯವಾಗುತ್ತದೆ,
ಆಮೇಲೆ ನನ್ನಂಥವಳು ಬೇಕಾಗುತ್ತದೆ.

ದೀಪ ಹಿಡಿ. ಉಗುರು ಆಡಿಸು.
ಸಿಕ್ಕಿತೇ?
ನನಗೂ ಇಲ್ಲ.
ಆದರೂ ನಾಳೆ ಫ್ರೌ ಆಂಡೆರೆಗ್‌ಗೆ ನೀನೇ ಹೇಳು,
ಎಡ ಬಾಗಿಲು, ಕೆಳಗಿನಿಂದ ಮೂರು ಗೇಣು, ಕ್ಲಾಂಪು ಬಿತ್ತು ಅಂತ.
ಬಗ್ಗಿ ಹುಡುಕುತ್ತಾಳೆ. ಹುಡುಕಲಿ.
ಕಾಫಿ ಆರಿಹೋಯಿತು.
ಇಸ್ತ್ರಿಪೆಟ್ಟಿಗೆಯ ವಯರು ಕಿತ್ತೆಯಾ?