ಟಿಕೆಟಿನ ಹಿಂದೆ

ಗ್ರಹಣದ ದಿನ ನಮ್ಮತ್ತೆ ಚಿಲಕ ಹಾಕಿ
ಹೊಸಿಲಿಗೆ ಗರಿಕೆ ಇಟ್ಟು
ನನ್ನನ್ನು ಮಂಚದ ಮೇಲೆ ಕೂರಿಸಿದ್ದರು.
ಕತ್ತರಿ ಮುಟ್ಟಬೇಡ, ಈಳಿಗೆ ಮುಟ್ಟಬೇಡ,
ಕಿಟಕಿ ಸಂದಿಯಿಂದ ಒಂದೆಳೆ ಬೆಳಕೂ
ಹೊಟ್ಟೆಯ ಮೇಲೆ ಬೀಳಬಾರದು.
ಎರಡೂವರೆ ಗಂಟೆ.
ಮಿಕ್ಕ ದಿನವೆಲ್ಲ ನಾನು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿದ್ದೆ.

ಬಾಗಿಲ ಹತ್ತಿರ ನಿಂತು ಕೂಗುವುದು ನನ್ನ ಕೆಲಸ:
ಜಾಲಹಳ್ಳಿ ಕ್ರಾಸು, ದಾಸರಹಳ್ಳಿ, ಎಂಟನೇ ಮೈಲಿ,
ಒಳಗೆ ಹೋಗಿ, ಒಳಗೆ ಹೋಗಿ ಸ್ವಾಮಿ, ಜಾಗ ಇದೆ.
ಪ್ರತಿ ಕೂಗಿಗೂ ಒಂದು ಉಸಿರು ಬೇಕು.
ಆ ಉಸಿರು ಮುಂದಿನ ಲಾರಿ ಬಿಟ್ಟದ್ದು,
ಪಕ್ಕದ ಆಟೋ, ಅದರಾಚೆ ನೀರಿನ ಟ್ಯಾಂಕರು ಬಿಟ್ಟದ್ದು.
ಒಳಗೆ ಹೋಗಿ ಅಂದದ್ದನ್ನು
ಹೊಗೆಯೂ ಕೇಳಿಸಿಕೊಂಡಿತ್ತು.

ಆರನೇ ತಿಂಗಳಲ್ಲಿ ಬ್ಯಾಗಿನ ಪಟ್ಟಿಗೆ ಹೊಸದೊಂದು ತೂತು ಹೊಡೆಸಿದೆ.
ನಾಣ್ಯ ಗಲಗಲ ಅಂದರೆ ಮಗು ಒದೆಯುತ್ತಿತ್ತು.
ಲೈಟ್ ಡ್ಯೂಟಿ ಕೇಳಿದೆ; ನೋಡೋಣ ಅಂದರು ಡಿಪೋದಲ್ಲಿ.
ರಾತ್ರಿ ಮೂಗೊರೆಸಿದರೆ ಕರ್ಚೀಫಿನ ತುಂಬ ಕಾಡಿಗೆ.

ಮೂರು ವಾರ ಮುಂಚೆಯೇ ಹುಟ್ಟಿದಳು.
ಎರಡು ಕೇಜಿ ಚಿಲ್ಲರೆ ಕಣಮ್ಮ, ಅಂದಳು ನರ್ಸು.
ಚಿಲ್ಲರೆ ಎಷ್ಟು, ಅಂತ ಕೇಳಿದೆ, ಅಭ್ಯಾಸಬಲ.
ಎಪ್ಪತ್ತು ಗ್ರಾಂ.
ಎರಡೂವರೆಗೆ ನಾನೂರ ಮೂವತ್ತು ಕಮ್ಮಿ. ಮನಸ್ಸಿನಲ್ಲೇ ಕಳೆದೆ.

ಅತ್ತೆ ಹರಳೆಣ್ಣೆ ದೀಪದ ಮಸಿ ಹಿಡಿದು
ಕೆನ್ನೆಗೊಂದು, ಅಂಗಾಲಿಗೊಂದು ಬೊಟ್ಟು ಇಟ್ಟರು.

ಲಾಸ್ಯಳಿಗೆ ಈಗ ನಾಲ್ಕು.
ಅಮ್ಮ ಅಂದದ್ದು ಎರಡೂವರೆಗೆ.
ಮೋಡ ಕವಿದರೆ ಎದೆಯೊಳಗೊಂದು ಬೆಕ್ಕು ಗುರುಗುಟ್ಟುತ್ತದೆ.
ಮನೇಲಿ ಯಾರಾದರೂ ಬೀಡಿ ಸೇದ್ತಾರಾ? ಇಲ್ಲ.
ಸೌದೆ ಒಲೆ? ಇಲ್ಲ ಮೇಡಂ, ಗ್ಯಾಸು.
ನೀವೇನು ಕೆಲಸ?
ಹೇಳಿದೆ.
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.
ಮಾಸಿನಲ್ಲೂ ಮಸಿಯ ಕಣ ಸಿಗುತ್ತದಂತೆ ಈಗ,
ಹೊಗೆಯೂರಿನ ತಾಯಂದಿರ ಮಾಸಿನಲ್ಲಿ.
ಇವಳಿಗೆ ಅದರಿಂದಲೇ ಅಂತ ಹೇಳಕ್ಕಾಗಲ್ಲ.
ಅಲ್ಲ ಅಂತಲೂ.

ಹಾಗಾದರೆ ಅತ್ತೆಗಿಂತ ಮೊದಲೇ
ಒಳಗೇ ಬೊಟ್ಟಿಟ್ಟಿದ್ದರು ಯಾರೋ,
ಯಾವ ದೃಷ್ಟಿ ತಾಗದಿರಲೆಂದೋ.

ನನ್ನ ಹತ್ತಿರ ಚಿಲ್ಲರೆ ಇಲ್ಲದಾಗ
ಟಿಕೆಟಿನ ಹಿಂದೆ ಬರೆದು ಗೀಟೆಳೆದು ಕೊಡುತ್ತೇನೆ:
ಇಳಿಯುವಾಗ ಕೇಳಿ ಇಸ್ಕೊಳ್ಳಿ.
ಕೆಲವರು ಮರೆತು ಇಳಿದುಬಿಡುತ್ತಾರೆ.
ಮೂರು ರೂಪಾಯಿಗೆ ಬಸ್ಸಿನ ಹಿಂದೆ ಓಡಿಬಂದವರೂ ಇದ್ದಾರೆ.
ನಾನೂರ ಮೂವತ್ತು ಗ್ರಾಂ, ಮೂರು ವಾರ,
ಎರಡು ವರ್ಷ ಬಾಯಿಗೆ ಬಾರದ ಆ ಮಾತು,
ಇದನ್ನು ಯಾರೂ
ಯಾವುದರ ಹಿಂದೆಯೂ ಬರೆದುಕೊಟ್ಟಿಲ್ಲ.

ಕೆಂಪು ದೀಪ ನೂರಾ ನಲವತ್ತರಿಂದ ಇಳಿಯುತ್ತಿದೆ.
ಮೂರನೇ ಸೀಟಿನಲ್ಲಿ ಗಾರ್ಮೆಂಟ್ಸಿನ ಹುಡುಗಿ, ಏಳು ತಿಂಗಳಿರಬಹುದು,
ದುಪಟ್ಟಾ ಮೂಗಿಗಲ್ಲ, ಹೊಟ್ಟೆಗೆ ಹೊದ್ದು ಕೂತಿದ್ದಾಳೆ.
ಅವಳದು ಸೊನ್ನೆ ರೂಪಾಯಿಯ ಟಿಕೆಟ್ಟು, ಬಾಕಿಯ ಮಾತೇ ಇಲ್ಲ.
ನುಗ್ಗಿಕೊಂಡು ಹೋಗಿ ಅವಳ ಕಿಟಕಿಯ ಗಾಜು ಎಳೆಯುತ್ತೇನೆ.
ಅದು ಅರ್ಧಕ್ಕೇ ನಿಲ್ಲುತ್ತದೆ,
ಮೊದಲಿನಿಂದಲೂ.